ಮೂವತ್ತರ ದಶಕದ ಹೆಡ್‌ಲೈನ್ ನಂಬಿದವರ ಮಾರನೇ ದಿನ

ಹಳೇಪೇಪರ್ ಗಿರಾಕಿ: ಅಮೆರಿಕದ ಮಹಾ ಆರ್ಥಿಕ ಕುಸಿತದ ಕಾಲದ ಪತ್ರಿಕೆಗಳನ್ನು ತಿರುವಿ ಹಾಕುವಾಗ ಒಂದು ಆಟ ಹೊಳೀತು. ಯಾವುದಾದರೂ ಸುದ್ದಿ ಹಿಡಿಯಿರಿ, ಅಕ್ಷರ ಅಕ್ಷರವೂ ನಿಜ ಅಂತ ನಂಬಿ, ಮಾರನೇ ದಿನ ಏನಾಯ್ತು ಹೇಳಿ. ನಾನೇ ಶುರು ಮಾಡ್ತೀನಿ. 1929ರ ಅಕ್ಟೋಬರ್ 16ರ ನ್ಯೂಯಾರ್ಕ್ ಟೈಮ್ಸ್‌ನಲ್ಲಿ, ಷೇರು ಬೆಲೆ ಇನ್ನು ಶಾಶ್ವತವಾಗಿ ಎತ್ತರದಲ್ಲೇ ಇರುತ್ತೆ ಅಂತ ಯೇಲ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರ ಪ್ರೊಫೆಸರ್ ಅರ್ವಿಂಗ್ ಫಿಷರ್ ಹೇಳಿದ ಸುದ್ದಿ.

ಮಾರನೇ ದಿನ ವಾಲ್ ಸ್ಟ್ರೀಟ್‌ನ ಕಟ್ಟಡಗಳಲ್ಲಿ ಇಳಿಯೋ ಮೆಟ್ಟಿಲುಗಳನ್ನೆಲ್ಲ ಕಿತ್ತು ಹಾಕಿದರು, ದಂಡದ ಖರ್ಚು ಅಂತ. ಕೆಳಗಡೆ ಹೋಗ್ತಾ ಸಿಕ್ಕಿಬಿದ್ದರೆ ಕೆಲಸ ಹೋಯ್ತು ಅಂತ ಲಿಫ್ಟ್ ಹುಡುಗನಿಗೆ ತಾಕೀತು. ಊಟಕ್ಕೆ ಇಳಿಯೋಕಾಗದ ದಲ್ಲಾಳಿಗಳು ಮೇಲೇ ಕೂತು ಟೈ ಅಗೀತಿದ್ರು.

ಮಲ್ನಾಡ್ ಮಾಣಿ: ಎಂಟೇ ದಿನ. 24ರ ಗುರುವಾರ ಷೇರುಪೇಟೆ ಕುಸಿದು, ಮೆಟ್ಟಿಲಿಲ್ಲದೆಯೂ ಇಳಿಯಬಹುದು ಅಂತ ಗೊತ್ತಾಯ್ತು. ಅವತ್ತು ಬೆಲೆ ಮುದ್ರಿಸೋ ಟಿಕರ್ ಯಂತ್ರ ಎಷ್ಟು ಹಿಂದೆ ಬಿತ್ತಂದ್ರೆ, ವ್ಯಾಪಾರ ಮೂರು ಗಂಟೆಗೆ ನಿಂತರೂ ಕಾಗದದ ಪಟ್ಟಿ ಸಂಜೆ ಏಳು ದಾಟೋ ತನಕ ಕಟಕಟ ಅಂತ ಬರ್ತಾನೇ ಇತ್ತು. ನನ್ನ ಕಥೆ ಅಲ್ಲಿದೆ. ಐದು ಗಂಟೆಗೆ ಪಟ್ಟಿ ನೋಡಿದ ಒಬ್ಬ, ತಾನಿನ್ನೂ ಶ್ರೀಮಂತ ಅಂತ ಕಾರು ಬುಕ್ ಮಾಡಿದ. ಆರೂವರೆಗೆ ಪಟ್ಟಿಯಲ್ಲಿ ಬಡವನಾದ. ಆ ಒಂದೂವರೆ ಗಂಟೆಯ ಶ್ರೀಮಂತಿಕೆಗೂ ಮಾರನೇ ದಿನ ತೆರಿಗೆ ನೋಟಿಸ್ ಬಂತು.

ಬಿಸಿಬಿಸಿ ಬೋಂಡಾ: ಫುಟ್‌ಪಾತಲ್ಲಿ ನಡೆಯೋರಿಗೆ ಕಬ್ಬಿಣದ ಛತ್ರಿ ಮಾರಿ ಒಬ್ಬ ಉದ್ಧಾರ ಆದ. ಮೇಲಿಂದ ಹಾರ್ತಿದ್ರಲ್ಲ ಎಲ್ಲರೂ.

ಸರಸಕ್ಕ: ಅದು ಬೇಡಪ್ಪ. ಹಾಗೆ ಸಾಲುಸಾಲಾಗಿ ಹಾರಿದ್ದೂ ಕಟ್ಟುಕತೆಯೇ. ಅರ್ಥಶಾಸ್ತ್ರಜ್ಞ ಗಾಲ್‌ಬ್ರೈತ್ ಲೆಕ್ಕ ತೆಗೆದು ನೋಡಿದಾಗ ಆ ಅಕ್ಟೋಬರ್, ನವೆಂಬರ್‌ನಲ್ಲಿ ನ್ಯೂಯಾರ್ಕಿನ ಆತ್ಮಹತ್ಯೆಗಳು ಅದೇ ವರ್ಷದ ಬೇಸಿಗೆಗಿಂತ ಕಮ್ಮಿಯೇ ಇದ್ದವು. ನಿಜವಾದ ಸಂಕಟ ಆಮೇಲೆ ಬಂತು. 1933ರಲ್ಲಿ ದುಡಿಯೋ ನಾಲ್ವರಲ್ಲಿ ಸುಮಾರು ಒಬ್ಬನಿಗೆ ಕೆಲಸವಿರಲಿಲ್ಲ. ಹಸಿದವರನ್ನ ಇಟ್ಟುಕೊಂಡು ಆಟ ಆಡೋದು ನನಗೆ ಸರಿ ಕಾಣಲ್ಲ.

ಹಳೇಪೇಪರ್ ಗಿರಾಕಿ: ಹಾಗಾದ್ರೆ ಒಂದು ನಿಯಮ ಇರಲಿ ಸರಸಕ್ಕ. ಊಟದ ಕ್ಯೂನಲ್ಲಿ ನಿಂತವನ ಮೇಲೆ ನಗೋ ಹಾಗಿಲ್ಲ, ಭವಿಷ್ಯ ಹೇಳಿದವನ ಮೇಲೆ ಎಷ್ಟು ಬೇಕಾದ್ರೂ ನಗಬಹುದು.

ಸರಸಕ್ಕ: ಫಿಷರ್ ಏನು ಸುಖವಾಗಿದ್ದನೇ? ಸ್ವಂತ ಆಸ್ತಿಯನ್ನೂ ಷೇರಲ್ಲೇ ಇಟ್ಟಿದ್ದ, ಎಲ್ಲ ಹೋಯ್ತು. ಕೊನೆಗೆ ಅವನ ಮನೆಯನ್ನ ಯೇಲ್ ವಿಶ್ವವಿದ್ಯಾಲಯವೇ ಕೊಂಡು ಅವನಿಗೇ ಬಾಡಿಗೆಗೆ ಕೊಟ್ಟಿತು.

ಹಳೇಪೇಪರ್ ಗಿರಾಕಿ: ತನ್ನ ಮಾತನ್ನ ತಾನೇ ನಂಬಿದ ಪುಣ್ಯಾತ್ಮ! ಈಗಿನ ಟೀವಿ ಷೇರು ಪಂಡಿತರಲ್ಲಿ ಅಂಥ ಒಬ್ಬನನ್ನ ತೋರಿಸಿ, ನಾನು ಪೋಸ್ಟೇ ಅಳಿಸಿಹಾಕ್ತೀನಿ.

ಧಾರವಾಡ ಪೇಡೆ: ಅಲ್ರೀ, ನೀವು ಕಟ್ಟೋ ಕಥಿಗಿಂತ ಖರೇನ ಆಗಿದ್ದಕ್ಕ ನಗಿ ಹೆಚ್ಚ ಬರ್ತದ. 1933ರ ಮಾರ್ಚ್‌ನ್ಯಾಗ ರೂಸ್‌ವೆಲ್ಟ್ ಅಧ್ಯಕ್ಷ ಗಾದಿಗೆ ಬಂದ ಕೂಡ್ಲೆ ದೇಶದಾಗಿನ ಬ್ಯಾಂಕ್ ಎಲ್ಲಾ ಬಂದ್ ಮಾಡಿಸಿದ. ಮಂದಿ ಕಿಸೆದಾಗ ರೊಕ್ಕಿಲ್ಲ. ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ದಾಗ ಬಾಕ್ಸಿಂಗ್ ಇತ್ತು, ಟಿಕೆಟ್ 50 ಸೆಂಟ್. ರೊಕ್ಕ ಇರ್ಲಿಲ್ಲಂದ್ರ ಅಷ್ಟ ಕಿಮ್ಮತ್ತಿಂದು ಏನರೆ ತರ್ರಿ ಅಂದ್ರು. ಮಂದಿ ಟೊಪಗಿ, ಬೂಟು, ಮೀನ, ಹಾಸಿಗಿ ಹೊತ್ಕೊಂಡ ಬಂದ್ರು! ಕ್ಯಾಲಿಫೋರ್ನಿಯಾದ ಪಿಸ್ಮೊ ಬೀಚ್‌ದಾಗಂತೂ ಕಪ್ಪೆಚಿಪ್ಪಿನ ಮ್ಯಾಲೆ ನಂಬರ್ ಬರದು, ಸಹಿ ಹಾಕಿ ನೋಟಿನಂಗ ನಡಸಿದ್ರು. ಇದರ ಮುಂದ ನಿಮ್ಮ ಕಲ್ಪನಾ ಎಲ್ಲಿ ನಿಲ್ತದ್ರೀ?

ಮಲ್ನಾಡ್ ಮಾಣಿ: ನಿಲ್ಲಿಸ್ತೀನಿ ನೋಡಿ. ಹೆಡ್‌ಲೈನ್: ‘ಬ್ಯಾಂಕುಗಳಿಗೆ ರಜೆ’. ಸರ್ಕಾರ ಇಟ್ಟ ಹೆಸರೂ ಅದೇ, ಬ್ಯಾಂಕ್ ಹಾಲಿಡೇ. ಮಾರನೇ ದಿನ ಬ್ಯಾಂಕುಗಳೆಲ್ಲ ಟವೆಲ್ ಹೆಗಲಿಗೆ ಹಾಕ್ಕೊಂಡು ಸಮುದ್ರದ ಕಡೆ ಹೊರಟವು. ಪಿಸ್ಮೊ ಬೀಚಿಗೆ ಹೋದದ್ದಕ್ಕೆ ಮಾತ್ರ ರಜೆಯಲ್ಲೂ ನೆಮ್ಮದಿಯಿಲ್ಲ, ಕಾಲಿಗೆ ಸಿಕ್ಕ ಚಿಪ್ಪನ್ನೆಲ್ಲ ಎಣಿಸಿ ಪಾಸ್‌ಬುಕ್ಕಿಗೆ ಹತ್ತಿಸಬೇಕು. ಇತ್ತ ಬಾಕ್ಸಿಂಗ್‌ಗೆ ಹಾಸಿಗೆ ಹೊತ್ತು ಬಂದವನು ಚಿಲ್ಲರೆ ಕೇಳಿದ. ಕೌಂಟರಿನವನು ಎರಡು ದಿಂಬು ವಾಪಸ್ ಕೊಟ್ಟ.

ಧಾರವಾಡ ಪೇಡೆ: ದಿಂಬಿನ ಚಿಲ್ಲರ! ಅದ್ರಾಗೂ ಒಂದು ಹರಕ ಇರ್ತದ, ‘ಬ್ಯಾರೆ ಕೊಡ್ರಿ, ಇದು ನಡಿಯಂಗಿಲ್ಲ’ ಅಂತ ಜಗಳ.

ಸರಸಕ್ಕ: ಅದು ಚೆನ್ನಾಗಿದೆ, ಒಪ್ಪಿದೆ. ಆದ್ರೆ ಅದೇ ವರ್ಷದ ಹಂದಿಮರಿ ಸುದ್ದಿ ತಗೊಳ್ಳಿ. ಬೆಲೆ ಏರಲಿ ಅಂತ ಸರ್ಕಾರವೇ ಸುಮಾರು 60 ಲಕ್ಷ ಹಂದಿ ಕೊಂಡು ಕೊಲ್ಲಿಸಿತು. ಒಂದು ಕಡೆ ಸೂಪಿಗೆ ಕ್ಯೂ, ಇನ್ನೊಂದು ಕಡೆ ಮಾಂಸ ಹಾಳು. ಜನ ಕ್ಯಾಕರಿಸಿ ಉಗಿದ ಮೇಲೆ ತಾನೇ, ಉಳಿದ ಧಾನ್ಯ ಮಾಂಸವನ್ನ ಬಡವರಿಗೆ ಹಂಚೋಕೆ ಒಂದು ನಿಗಮ ಮಾಡಿದ್ದು? ಇದರಲ್ಲಿ ನಗೋಕೆ ಏನಿದೆ ಹೇಳಿ.

ಬಿಸಿಬಿಸಿ ಬೋಂಡಾ: ಸಂಖ್ಯೆ ಕಮ್ಮಿ ಮಾಡಿದ್ರೆ ಬೆಲೆ ಬರುತ್ತೆ ಅನ್ನೋ ಸುದ್ದಿ ಓದಿ, ಅರ್ಥಶಾಸ್ತ್ರದ ಪ್ರೊಫೆಸರ್‌ಗಳು ಮೆಲ್ಲಗೆ ಒಬ್ಬರಿಂದೊಬ್ಬರು ದೂರ ಸರಿದು ನಿಂತರು. ನಿಯಮ ಮುರಿದಿಲ್ಲ ಅಕ್ಕಾ!

ಕಾಫಿತೋಟದ ಕರಿಯ: ಬ್ರೆಜಿಲ್ ಬಿಟ್ರಲ್ಲ. ಬೆಲೆ ನೆಲಕಚ್ಚಿತು ಅಂತ 1931ರಿಂದ ಅವರು ಕಾಫಿ ಸುಟ್ಟರು, ಸಮುದ್ರಕ್ಕೆ ಸುರಿದರು, ರೈಲಿನ ಎಂಜಿನ್‌ಗೂ ಉರುವಲು ಮಾಡಿದರು. ಆ ಬಿಸಿ ನಮ್ಮ ಕೊಡಗು ಚಿಕ್ಕಮಗಳೂರಿಗೂ ತಟ್ಟಿತು. 1935ರಲ್ಲಿ ಕಾಫಿ ಸೆಸ್ ಕಮಿಟಿ ಆಗಿದ್ದು, ಮಾರನೇ ವರ್ಷ ಬೊಂಬಾಯಿಯಲ್ಲಿ ಕಾಫಿ ಹೌಸ್ ತೆರೆದಿದ್ದು ಎಲ್ಲ ಆ ಕಷ್ಟದ ಕಾಲದಲ್ಲೇ. ಇಲ್ಲಿನವರಿಗೆ ಕುಡಿಸಿಯಾದ್ರೂ ಖಾಲಿ ಮಾಡೋಣ ಅಂತ.

ನನ್ನ ಮಾರನೇ ದಿನ: ಬ್ರೆಜಿಲ್ಲಿನ ರಾತ್ರಿ ರೈಲು ಬೆಳಗಿನ ಜಾವಕ್ಕೇ ಊರು ಮುಟ್ಟಿತು. ಆಮೇಲೂ ಎಂಜಿನ್‌ಗೆ ನಿದ್ದೆ ಬರ್ತಿಲ್ಲ. ಶೆಡ್ಡಿನಲ್ಲಿ ಹಿಂದೆ ಮುಂದೆ ಓಡಾಡ್ತಾ, ಹಳೇ ಸ್ಟೇಷನ್ ಮಾಸ್ಟರ್ ಬೈದದ್ದನ್ನೆಲ್ಲ ನೆನೆಸಿಕೊಳ್ತಿತ್ತು.

ಮಲ್ನಾಡ್ ಮಾಣಿ: ಚಿಕೋರಿ ಬೆರೆಸಿದ್ರೆ ಪ್ಯಾಸೆಂಜರ್ ರೈಲು, ಶುದ್ಧ ಅರೇಬಿಕಾ ಆದ್ರೆ ಎಕ್ಸ್‌ಪ್ರೆಸ್.

ಹಳೇಪೇಪರ್ ಗಿರಾಕಿ: ನನ್ನ ಬತ್ತಳಿಕೆಯ ದೊಡ್ಡ ಬಾಣ ಈಗ. 1936ರ ಅಕ್ಟೋಬರ್ 31, ಲಿಟರರಿ ಡೈಜೆಸ್ಟ್ ಅನ್ನೋ ವಾರಪತ್ರಿಕೆ: ‘ಲ್ಯಾಂಡನ್ 12,93,669, ರೂಸ್‌ವೆಲ್ಟ್ 9,72,897’. ಅಧ್ಯಕ್ಷ ಚುನಾವಣೆಗೆ ಮೂರು ದಿನ ಇರುವಾಗಿನ ಸಮೀಕ್ಷೆ ಇದು, ಲ್ಯಾಂಡನ್ ಅಂದ್ರೆ ರೂಸ್‌ವೆಲ್ಟ್‌ಗೆ ಎದುರು ನಿಂತ ರಿಪಬ್ಲಿಕನ್ ಅಭ್ಯರ್ಥಿ. ಒಂದು ಕೋಟಿ ಜನಕ್ಕೆ ಕಾರ್ಡ್ ಕಳಿಸಿದ್ರು. ವಿಳಾಸ ಎತ್ತಿದ್ದು ಮುಖ್ಯವಾಗಿ ಟೆಲಿಫೋನ್ ಡೈರೆಕ್ಟರಿಯಿಂದ, ಕಾರು ನೋಂದಣಿ ಪಟ್ಟಿಯಿಂದ. ಆ ಬರಗಾಲದಲ್ಲಿ ಫೋನು ಕಾರು ಇಟ್ಟವರು ಯಾರು ಅಂತ ಬಿಡಿಸಿ ಹೇಳಬೇಕಾ? ಎಣಿಕೆ ಆದಾಗ ಲ್ಯಾಂಡನ್ನಿಗೆ 48ರಲ್ಲಿ ಎರಡೇ ರಾಜ್ಯ, ಮೇಯ್ನ್ ಮತ್ತು ವರ್ಮಾಂಟ್. ತಾನು ಗವರ್ನರ್ ಆಗಿದ್ದ ಕಾನ್ಸಾಸೂ ಕೈಕೊಟ್ಟಿತು. ಎರಡು ವರ್ಷದೊಳಗೆ ಪತ್ರಿಕೆಯೂ ಮುಚ್ಚಿತು.

ಸರಸಕ್ಕ: ಇದು ನಾನು ಆಡ್ತೀನಿ, ಹಸಿದವರು ಯಾರೂ ಇದರಲ್ಲಿ ಸಿಕ್ಕಿಬಿದ್ದಿಲ್ಲ. ಡೈಜೆಸ್ಟ್ ಹೇಳಿದ್ದೂ ಸುಳ್ಳಾಗಬಾರದು ಅಂತ ಮಾರನೇ ದಿನ ರಾಜಿ ಆಯ್ತು. ಫೋನ್ ಇರೋರಿಗೆ ಲ್ಯಾಂಡನ್ ಅಧ್ಯಕ್ಷ, ಇಲ್ಲದವರಿಗೆ ರೂಸ್‌ವೆಲ್ಟ್. ಬಿಲ್ ಕಟ್ಟದೆ ಲೈನ್ ಕಿತ್ತರೆ ರಾತ್ರೋರಾತ್ರಿ ಸರ್ಕಾರ ಬದಲು. ಹೆಂಗಸರು ಬೇಲಿ ಹತ್ತಿರ ಪಿಸುಗುಟ್ಟೋದು, ‘ಪಾಪ, ಮೂರನೇ ಮನೆಯವರು ಮೊನ್ನೆಯಿಂದ ರೂಸ್‌ವೆಲ್ಟ್ ಅಂತೆ’.

ಧಾರವಾಡ ಪೇಡೆ: ಫೋನ್ ಐತಿ, ಕಾರ್ ಇಲ್ಲ. ಅಂಥವ್ರ ಗತಿ?

ಸರಸಕ್ಕ: ಅವರಿಗೆ ಉಪಾಧ್ಯಕ್ಷ.