ಅಪ್ಪ ಅಮ್ಮನ ಜೊತೆ ಮುಕ್ತಿನಾಥಕ್ಕೆ: ಹೊಟ್ಟೆ ಕೆಡದ ಹಾಗೆ ಏನು ತಯಾರಿ ಮಾಡಬೇಕು?

ಕುವೆಂಪುನಗರದವನು:
ನಮಸ್ಕಾರ. ಆಷಾಢ ಮುಗಿದ ಮೇಲೆ ಅಪ್ಪ ಅಮ್ಮನನ್ನು ನೇಪಾಳಕ್ಕೆ ಕರೆದುಕೊಂಡು ಹೋಗುತ್ತಿದ್ದೇನೆ. ಕಠ್ಮಂಡು, ಪೋಖರಾ, ಅಲ್ಲಿಂದ ಜೀಪಿನಲ್ಲಿ ಮುಕ್ತಿನಾಥ. ಟೂರ್ ಮೈಸೂರಿನವರದ್ದೇ, ಅಡುಗೆಯವರೂ ಜೊತೆಗೆ ಬರುತ್ತಾರಂತೆ. ಟಿಕೆಟ್, ಸ್ವೆಟರ್ ಎಲ್ಲ ಆಯಿತು, ಭಯ ಇರುವುದು ಹೊಟ್ಟೆಯದ್ದು. ನಮ್ಮ ಬೀದಿಯಲ್ಲಿ ಹೋಗಿ ಬಂದವರು ದರ್ಶನಕ್ಕಿಂತ ವಾಂತಿ ಭೇದಿಯ ಕಥೆಯನ್ನೇ ಜಾಸ್ತಿ ಹೇಳುತ್ತಾರೆ. ಅಪ್ಪನಿಗೆ 68 ವರ್ಷ, ಶುಗರ್ ಬಿಪಿ ಎರಡೂ ಇದೆ, ದಿನಾ ಬೆಳಗ್ಗೆ ಗ್ಯಾಸ್ ಮಾತ್ರೆ ನುಂಗದೆ ಕಾಫಿ ಮುಟ್ಟುವುದಿಲ್ಲ. ಕೇಳಿದರೆ "ಕಾವೇರಿ ನೀರು ಕುಡಿದ ಹೊಟ್ಟೆ ಕಣೋ, ಏನೂ ಆಗಲ್ಲ" ಅನ್ನುತ್ತಾರೆ. ಯಾವ ಮಾತ್ರೆ ಒಯ್ಯಬೇಕು, ಇಂಜೆಕ್ಷನ್ ಏನಾದರೂ ಬೇಕಾ, ನೀರಿಗೆ ಏನು ಮಾಡುವುದು?

ಮದ್ದೂರ್_ವಡೆ:
ಇಷ್ಟಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಡಿ ಸರ್. ಒಂದು ಸ್ಟ್ರಿಪ್ ನಾರ್‌ಫ್ಲಾಕ್ಸ್ ಟಿಜೆಡ್ ಬ್ಯಾಗಿನಲ್ಲಿ ಇರಲಿ. ಎರಡು ಸಲ ಹೋದ ತಕ್ಷಣ ಒಂದು ನುಂಗಿಸಿ, ಮುಗೀತು. ಜೊತೆಗೆ ಗೊಜ್ಜವಲಕ್ಕಿ, ಹುರಿಗಡಲೆ ಧಾರಾಳವಾಗಿ ಕಟ್ಟಿಕೊಳ್ಳಿ. ನೀರು ಬಾಟಲಿಯದ್ದೇ ಕುಡಿಯಿರಿ.

ಔಷಧಿ_ಅಂಗಡಿ_ಮಂಡ್ಯ:
ಮಂಡ್ಯದಲ್ಲಿ ಮೆಡಿಕಲ್ ಅಂಗಡಿ ನಡೆಸುತ್ತೇನೆ. ಡಾಕ್ಟರ್ ಅಲ್ಲ, ಅದು ನೆನಪಿರಲಿ. ಮೇಲಿನ ಅಣ್ಣ ಹೇಳಿದ್ದರಲ್ಲಿ ಗೊಜ್ಜವಲಕ್ಕಿ, ಹುರಿಗಡಲೆ, ಬಾಟಲಿ ನೀರಿಗೆ ನನ್ನ ಒಪ್ಪಿಗೆ ಇದೆ, ಮಾತ್ರೆಗೆ ಇಲ್ಲ. ಆ ಜಾತಿಯ ಆಂಟಿಬಯಾಟಿಕ್‌ಗೆ ನಮ್ಮ ಕಡೆಯ, ನೇಪಾಳದ ಕಡೆಯ ಎಷ್ಟೋ ಕ್ರಿಮಿಗಳು ಈಗ ಬಗ್ಗುವುದಿಲ್ಲ. ಮೇಲಾಗಿ ಶುಗರ್ ಮಾತ್ರೆ ತೆಗೆದುಕೊಳ್ಳುವವರಿಗೆ ಅದರಿಂದ ಶುಗರ್ ದಿಢೀರ್ ಇಳಿಯಬಹುದು. ಆಂಟಿಬಯಾಟಿಕ್ ಬೇಕೇ ಬೇಕು ಅಂದರೆ ಯಾವುದು, ಯಾವಾಗ ಅಂತ ಅಪ್ಪನ ಡಾಕ್ಟರ್ ಹತ್ತಿರ ಚೀಟಿಯಲ್ಲಿ ಬರೆಸಿಕೊಳ್ಳಿ. ಬಹುತೇಕ ಭೇದಿ ಆಂಟಿಬಯಾಟಿಕ್ ಇಲ್ಲದೆಯೇ ಕೆಲವು ದಿನದಲ್ಲಿ ನಿಲ್ಲುತ್ತದೆ.

ನಿಜವಾಗಿ ಬೇಕಾಗುವುದು ನೀರಿಗೆ ಕಲಸಿ ಕುಡಿಯುವ ಉಪ್ಪು ಸಕ್ಕರೆಯ ಪುಡಿ, ಓಆರ್‌ಎಸ್. ಎಲೆಕ್ಟ್ರಾಲ್‌ನ 21.8 ಗ್ರಾಂ ಪೊಟ್ಟಣ ಪೂರ್ತಿ ಒಂದು ಲೀಟರ್ ನೀರಿಗೆ. ನಮ್ಮ ಜನ ಅದನ್ನು ಲೋಟಕ್ಕೆ ಚೂರು ಚೂರು ಅಂದಾಜಿನಲ್ಲಿ ಹಾಕುತ್ತಾರೆ, ಅದು ಗಟ್ಟಿಯಾದರೆ ಭೇದಿ ಇನ್ನೂ ಜಾಸ್ತಿ ಆಗುತ್ತದೆ. ಕಲಸಿದ್ದು 24 ಗಂಟೆಯ ಒಳಗೆ ಮುಗಿಯಬೇಕು. ಸಿಹಿ ಟೆಟ್ರಾ ಪ್ಯಾಕ್‌ಗಳನ್ನು ಓಆರ್‌ಎಸ್ ಅಂದುಕೊಂಡು ಕೊಳ್ಳಬೇಡಿ, ಉಪ್ಪು ಸಕ್ಕರೆಯ ಲೆಕ್ಕ ಸರಿಯಿಲ್ಲದ ಪಾನೀಯಗಳ ಮೇಲೆ ಆ ಹೆಸರು ಹಾಕಬಾರದು ಅಂತ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ 2025ರ ಅಕ್ಟೋಬರ್‌ನಲ್ಲಿ ಆದೇಶವನ್ನೇ ಮಾಡಿತು. ಪೊಟ್ಟಣ ಖಾಲಿಯಾದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಶುಗರ್ ಇರುವವರಿಗೂ ಭೇದಿಯಲ್ಲಿ ಓಆರ್‌ಎಸ್ ಕೊಡಬಹುದು, ನಡುನಡುವೆ ಶುಗರ್ ನೋಡುತ್ತಿರಿ.

ಅಪ್ಪನ ಗ್ಯಾಸ್ ಮಾತ್ರೆ ವಿಷಯ ಹೇಳಿದ್ದು ಒಳ್ಳೆಯದಾಯಿತು. ಹೊಟ್ಟೆಯ ಆಮ್ಲ ನಮ್ಮ ಬಾಗಿಲಲ್ಲಿ ನಿಂತ ಕಾವಲುಗಾರ. ಪ್ಯಾಂಟೊಪ್ರಜೋಲ್ ತರಹದ ಮಾತ್ರೆ ದಿನಾ ತಗೊಂಡರೆ ಆಮ್ಲ ಇಳಿಯುತ್ತದೆ, ಕ್ರಿಮಿ ಸುಲಭವಾಗಿ ಒಳಗೆ ಹೋಗುತ್ತದೆ. ಅದು ನಿಜಕ್ಕೂ ಬೇಕಾ ಅಂತ ಒಮ್ಮೆ ಕೇಳಿ. ಇನ್ನೂ ಮುಖ್ಯ: ವಾಂತಿ ಭೇದಿ ಜೋರಾದ ದಿನ ಶುಗರಿನ ಮಾತ್ರೆಗಳಾದ ಮೆಟ್‌ಫಾರ್ಮಿನ್, ಡಾಪಾಗ್ಲಿಫ್ಲೋಜಿನ್, ಬಿಪಿಗೆ ಕೊಡುವ, ಮೂತ್ರ ಹೆಚ್ಚಿಸುವ ನೀರಿನ ಮಾತ್ರೆ, ಇವುಗಳಲ್ಲಿ ಯಾವುದನ್ನು ತಾತ್ಕಾಲಿಕವಾಗಿ ನಿಲ್ಲಿಸಬೇಕು ಅಂತ ಮೊದಲೇ ಬರೆಸಿಕೊಳ್ಳಿ. ಇನ್ಸುಲಿನ್ ಇದ್ದರೆ ಸ್ವಂತ ಬುದ್ಧಿಯಿಂದ ನಿಲ್ಲಿಸಬೇಡಿ.

ಭೇದಿ ತಡೆಯುವ ಲೋಪೆರಮೈಡ್ ಮಾತ್ರೆ ಜೀಪಿನಲ್ಲಿ ಕೂರಬೇಕಾದ ದಿನ ದೊಡ್ಡವರಿಗೆ ಉಪಯೋಗಕ್ಕೆ ಬರುತ್ತದೆ. ಆದರೆ ರಕ್ತ ಹೋಗುತ್ತಿದ್ದರೆ, ಜ್ವರ ಜೋರಿದ್ದರೆ ಮುಟ್ಟಬೇಡಿ. ಕುಡಿದ ನೀರೂ ನಿಲ್ಲದಿದ್ದರೆ, ಮೂತ್ರ ಹೋಗದಿದ್ದರೆ, ಮಂಪರು ಬಂದರೆ ಮಾತ್ರೆ ಹುಡುಕುತ್ತಾ ಕೂರದೆ ಆಸ್ಪತ್ರೆಗೆ ಹೋಗಿ.

ಜಯಲಕ್ಷ್ಮೀಪುರಂ_ಅಕ್ಕ:
ನಾವು ಅತ್ತೆ ಮಾವನ ಜೊತೆ ಹೋಗಿ ಬಂದಿದ್ದೇವೆ. ನೀವು ಹೋಗುತ್ತಿರುವುದು ಮಳೆಗಾಲದಲ್ಲಿ ಅಲ್ವಾ, ಆಗ ನೇಪಾಳದಲ್ಲಿ ಸೈಕ್ಲೋಸ್ಪೋರಾ ಅನ್ನುವ ಪರಾವಲಂಬಿ ಜಾಸ್ತಿ. ನೀರಿಗೆ ಹಾಕುವ ಕ್ಲೋರಿನ್ ಮಾತ್ರೆಗೆ ಅದು ಸಾಯುವುದಿಲ್ಲ, ಕುದಿಸಿದರೆ ಸಾಯುತ್ತದೆ. ಹಸಿ ಸೊಪ್ಪು, ಸಲಾಡ್, ಹೋಟೆಲಿನವರು ಕತ್ತರಿಸಿ ಇಟ್ಟ ಹಣ್ಣು ಬೇಡ. ಬಾಳೆಹಣ್ಣು, ಕಿತ್ತಳೆ ನೀವೇ ಸುಲಿದು ತಿನ್ನಿ. ಸಣ್ಣ ಎಲೆಕ್ಟ್ರಿಕ್ ಕೆಟಲ್ ಒಯ್ಯಿರಿ. ಎತ್ತರದ ಜಾಗದಲ್ಲಿ ನೀರು ಬೇಗ, ಕಡಿಮೆ ಬಿಸಿಯಲ್ಲೇ ಕುದಿಯುತ್ತದೆ. 2000 ಮೀಟರ್ ದಾಟಿದ ಮೇಲೆ ಕುದಿ ಬಂದು ಮೂರು ನಿಮಿಷ ಬಿಡಬೇಕು. ಕೆಟಲ್ ತಾನೇ ಆಫ್ ಆಗುತ್ತದೆ, ಮತ್ತೆ ಮತ್ತೆ ಆನ್ ಮಾಡಿ.

ಇನ್ನೊಂದು ಮಾತು, ಟೂರಿನವರಿಗೆ ಬೇಜಾರಾದರೂ ಪರವಾಗಿಲ್ಲ. ನಮ್ಮವರೇ ಅಡುಗೆ ಮಾಡಿದರು ಅಂದ ಮಾತ್ರಕ್ಕೆ ಸುಮ್ನೆ ನಂಬಬೇಡಿ. ಬೆಳಗಿನ ಜಾವ ಮಾಡಿದ ಚಿತ್ರಾನ್ನವನ್ನು ಬಿಸಿಯಾಗಿದ್ದಾಗಲೇ ಡಬ್ಬಿಗೆ ತುಂಬಿ, ಬಸ್ಸಿನ ಡಿಕ್ಕಿಯಲ್ಲಿಟ್ಟು, ಮಧ್ಯಾಹ್ನ ಎರಡಕ್ಕೆ ಬಡಿಸಿದರೆ ಅನ್ನದಲ್ಲೇ ಕ್ರಿಮಿ ಬೆಳೆದು ವಿಷ ಕೂಡಿರುತ್ತದೆ. ಆಮೇಲೆ ಬಿಸಿ ಮಾಡಿದರೂ ಆ ವಿಷ ಹೋಗುವುದಿಲ್ಲ. ಅಂಥ ದಿನ ಅವಲಕ್ಕಿ, ಚಪಾತಿ ಚಟ್ನಿಪುಡಿಯೇ ವಾಸಿ. ಊಟಕ್ಕೆ ಮುಂಚೆ ಸೋಪು ನೀರು ಹಾಕಿ ಕೈ ತೊಳೆಯಿರಿ, ಕೆಲವು ವೈರಸ್‌ಗೆ ಸ್ಯಾನಿಟೈಸರ್ ನಾಟುವುದಿಲ್ಲ.

ಆಮೇಲೆ ಪೋಖರಾ ಇರುವುದು 800 ಮೀಟರ್ ಆಸುಪಾಸು, ಮುಕ್ತಿನಾಥ 3700 ಮೀಟರ್‌ಗಿಂತ ಮೇಲೆ. ಅಲ್ಲಿ ತಲೆನೋವಿನ ಜೊತೆ ವಾಂತಿ ಬಂದರೆ ಊಟವನ್ನು ಬೈಯಬೇಡಿ. ಅದು ಎತ್ತರದ ಕಾಯಿಲೆ ಇರಬಹುದು. ಕೆಳಗೆ ಇಳಿಯುವುದೇ ಮದ್ದು. ನಡುವೆ ಜೋಮ್ಸೋಮ್‌ನಲ್ಲಿ ರಾತ್ರಿ ಉಳಿಯುವ ಟೂರ್ ಆದರೆ ಒಳ್ಳೆಯದು. ಮಳೆಗೆ ಗುಡ್ಡ ಕುಸಿದು ಜೀಪ್ ಗಂಟೆಗಟ್ಟಲೆ ನಿಲ್ಲುತ್ತದೆ, ಶೌಚಾಲಯ ಇರುವುದಿಲ್ಲ. ಟಿಶ್ಯೂ, ಒಂದು ಹಳೆಯ ಸೀರೆ ಅಮ್ಮನ ಕೈಚೀಲದಲ್ಲೇ ಇರಲಿ. ಸೀರೆ ಯಾಕೆ ಅಂತ ಅಮ್ಮನಿಗೆ ಗೊತ್ತಾಗುತ್ತದೆ.

ಕುವೆಂಪುನಗರದವನು:
ಅಕ್ಕ, ಅಣ್ಣ, ಇಬ್ಬರಿಗೂ ಧನ್ಯವಾದ. ಅಮ್ಮನದ್ದು ಈಗ ಹೊಸ ಪ್ರಶ್ನೆ. ಮುಕ್ತಿನಾಥ ದೇವಸ್ಥಾನದ 108 ನೀರಿನ ಧಾರೆಯ ಕೆಳಗೆ ಸ್ನಾನ ಮಾಡಿ ತೀರ್ಥ ತಗೊಳ್ಳದೆ ಬರುವುದು ಹೇಗೆ ಅಂತ. ಇಂಜೆಕ್ಷನ್ ಬಗ್ಗೆಯೂ ಹೇಳಿ.

ಜಯಲಕ್ಷ್ಮೀಪುರಂ_ಅಕ್ಕ:
ನಮ್ಮ ಅತ್ತೆಯೂ ಇದನ್ನೇ ಕೇಳಿದ್ದರು. ತಲೆಗೆ ಪ್ರೋಕ್ಷಣೆ ಮಾಡಿಕೊಂಡರೂ ತೀರ್ಥವೇ. ಬಾಟಲಿಯಲ್ಲಿ ಹಿಡಿದು ತಂದು ಕುದಿಸಿ ಕೊಟ್ಟೆ, ಕುಡಿದರು. ಹಿಮದ ನೀರು, ಅಪ್ಪನಿಗೆ ಆ ಚಳಿಯಲ್ಲಿ ಪೂರ್ತಿ ಸ್ನಾನ ಬೇಡ.

ಔಷಧಿ_ಅಂಗಡಿ_ಮಂಡ್ಯ:
ಟೈಫಾಯ್ಡ್ ಕಾಂಜುಗೇಟ್ ಲಸಿಕೆ ಬಗ್ಗೆ ಡಾಕ್ಟರನ್ನು ಕೇಳಿ. ಭಾರತ್ ಬಯೋಟೆಕ್‌ನ ಲಸಿಕೆಯನ್ನು ಮಕ್ಕಳಲ್ಲಿ ದೊಡ್ಡ ಮಟ್ಟದಲ್ಲಿ ಪರೀಕ್ಷೆ ಮಾಡಿದ ಜಾಗಗಳಲ್ಲಿ ಕಠ್ಮಂಡು ಪಕ್ಕದ ಲಲಿತಪುರವೂ ಒಂದು, ಅಂದರೆ ಅಲ್ಲಿ ಟೈಫಾಯ್ಡ್ ಎಷ್ಟಿದೆ ಅಂತ ಲೆಕ್ಕ ಹಾಕಿ. ಹೊರಡುವ ಎರಡು ವಾರ ಮುಂಚೆಯಾದರೂ ಹಾಕಿಸಿ. ಇನ್ಶೂರೆನ್ಸ್ ಮಾಡಿಸುವಾಗ ಅಪ್ಪನ ಶುಗರ್ ಬಿಪಿ ಮುಚ್ಚಿಡಬೇಡಿ. ಕೆಲವು ಪಾಲಿಸಿಗಳಲ್ಲಿ ಎತ್ತರಕ್ಕೂ ಮಿತಿ ಇರುತ್ತದೆ, 3700 ಮೀಟರ್‌ಗೆ ಅನ್ವಯ ಆಗುತ್ತದಾ ಅಂತ ಕೇಳಿಯೇ ದುಡ್ಡು ಕಟ್ಟಿ.