ಹಾಗಾದರೆ, ಹಾಗಾಗಿ, ಅಂದ ಮೇಲೆ: ಇಂಗ್ಲಿಷಿನಲ್ಲಿ ಎಲ್ಲದಕ್ಕೂ ‘ಸೋ’ ಸಾಕೇ?

ಎಲ್ಲರಿಗೂ ನಮಸ್ಕಾರ.

ಕೊಡಗಿನಲ್ಲಿ ಪಿಯುಸಿ ಮಕ್ಕಳಿಗೆ ಇಂಗ್ಲಿಷ್ ಪ್ರಬಂಧ ಬರೆಯಲು ಹೇಳಿಕೊಡುತ್ತೇನೆ. ಊಹೆಯಿರಲಿ, ತೀರ್ಮಾನವಿರಲಿ, ಅವರು ಹಾಕುವುದು ‘ಸೋ’. ಸ್ವಲ್ಪ ಗಟ್ಟಿಯಾಗಿ ಹೇಳಬೇಕು ಅನ್ನಿಸಿದರೆ ‘ದೇರ್‌ಫೋರ್’.

ಮೊನ್ನೆ ಒಬ್ಬ ಹುಡುಗಿ ಬರೆದಿದ್ದಳು: ಸಿದ್ದಾಪುರದ ಕಡೆ ಕಾಫಿ ಹೂ ಅರಳಿದೆ, ದೇರ್‌ಫೋರ್ ಅಲ್ಲಿ ಮಳೆ ಬಂದಿದೆ. ರೊಬಸ್ಟಾ ಜಾತಿಯ ಕಾಫಿಗೆ ಫೆಬ್ರವರಿ-ಮಾರ್ಚ್‌ನಲ್ಲಿ ಒಂದು ಇಂಚಿನಷ್ಟು ಹೂಮಳೆ ಸಿಕ್ಕಿದರೆ ವಾರ-ಹತ್ತು ದಿನದಲ್ಲಿ ತೋಟವೆಲ್ಲ ಬೆಳ್ಳಗಾಗುತ್ತದೆ, ನಿಜ. ಆದರೆ ನೀರಿದ್ದವರು ಮಳೆಗೆ ಕಾಯದೆ ಸ್ಪ್ರಿಂಕ್ಲರ್ ಹಾಕುತ್ತಾರಲ್ವಾ? ಹೂ ನೋಡಿ ಮಳೆ ಬಂದೇ ಇದೆ ಅನ್ನುವ ಹಾಗಿಲ್ಲ. ಇಲ್ಲಿ ‘ಪ್ರಿಸ್ಯೂಮಬ್ಲಿ’ ಸರಿ. ‘ಮಳೆ ಬಂದಿರಬೇಕು’ ಅಂತ ನಾವು ಹೇಳುವುದಿಲ್ಲವೇ, ಅಷ್ಟೇ ಅಳತೆಯ ಮಾತು. ಇನ್ನೊಂದು: ದೇರ್‌ಫೋರ್ ಹಿಂದೆ ಬರೀ ಅಲ್ಪವಿರಾಮ ಹಾಕಿ ಎರಡು ವಾಕ್ಯ ಸೇರಿಸುವಂತಿಲ್ಲ. ಪೂರ್ಣವಿರಾಮವೋ ಅರ್ಧವಿರಾಮವೋ ಬೇಕು.

ಮಳೆ ಬರುತ್ತೋ ಇಲ್ಲವೋ ಗೊತ್ತಿಲ್ಲ, ಬರುತ್ತೆ ಅಂತ ಇಟ್ಟುಕೊಂಡು ಮಾತಾಡಿದರೆ ‘ಅಸ್ಯೂಮಿಂಗ್ ದಟ್’. ಬಂದಾಗಿದೆ, ಅದರಲ್ಲಿ ತಕರಾರಿಲ್ಲ ಅಂದರೆ ‘ಗಿವನ್ ದಟ್’. ಇವೆರಡನ್ನು ಅದಲುಬದಲು ಮಾಡಿದರೆ ಊಹೆಯೇ ಸುದ್ದಿಯಾಗಿಬಿಡುತ್ತದೆ. ನನಗೆ ಜಾಸ್ತಿ ಚಿಂತೆ ಇರುವುದು ಇದರದ್ದೇ.

ಮಕ್ಕಳಿಗೆ ಈ ವ್ಯತ್ಯಾಸ ಕನ್ನಡದಲ್ಲಿ ಚೆನ್ನಾಗಿ ಗೊತ್ತು. ‘ನಾಳೆ ಮಳೆಯಂತೆ.’ ‘ಹಾಗಾದರೆ ಕಣದಲ್ಲಿ ಕಾಫಿ ಹರಡುವುದು ಬೇಡ.’ ಇದು ‘ಇನ್ ದಟ್ ಕೇಸ್’. ‘ಮಳೆ ಬಂತು, ಹಾಗಾಗಿ ಕಾಫಿ ಒಣಗಲಿಲ್ಲ.’ ಇದು ದೇರ್‌ಫೋರ್. ಬಾಯಲ್ಲಿ ಯಾರೂ ತಪ್ಪುವುದಿಲ್ಲ. ಅದಕ್ಕೇ ಮೊದಲು ಕನ್ನಡದಲ್ಲಿ ಹೇಳಿಸಿ, ಆಮೇಲೆ ಇಂಗ್ಲಿಷ್ ಬರೆಸುತ್ತೇನೆ.

ನನಗೆ ಬಗೆಹರಿಯದೇ ಇರುವುದು ‘ಅಂದ ಮೇಲೆ’. ‘ಅವರು ಒಪ್ಪಿದ್ದಾರೆ ಅಂದ ಮೇಲೆ ಮುಗೀತು’ ಎಂಬಲ್ಲಿ ‘ಗಿವನ್ ದಟ್’ ಹೊಂದುತ್ತದೆ. ‘ನೌ ದಟ್’ ಕೂಡ ಆಗಬಹುದು. ಆದರೆ ‘ನೀವು ಬರಲ್ಲ ಅಂದ ಮೇಲೆ ನಾನೂ ಹೋಗಲ್ಲ’ ಅಂದಾಗ ಎದುರಿನವರ ಮಾತನ್ನೇ ಆಧಾರ ಮಾಡಿಕೊಂಡಿದ್ದೇವೆ. ಸ್ವಲ್ಪ ಮುನಿಸೂ ಇದೆ. ಅಲ್ಲಿ ‘ಸಿನ್ಸ್’ ಸಾಕೇ, ‘ಇಫ್’ ಬೇಕೇ? ನೀವು ಹೇಗೆ ಬರೆಯುತ್ತೀರಿ? ಒಂದೆರಡು ವಾಕ್ಯ ಕೊಟ್ಟು ತಿಳಿಸಿ.