ಅಪ್‌ಡೇಟ್: ಟಿಲ್ಲರಿನ ಡೀಸೆಲ್ ಲೆಕ್ಕ ಸಿಕ್ಕಿತು

ಬ್ರಹ್ಮಾವರದ ನಮ್ಮ ಗದ್ದೆಯಲ್ಲಿ ಏಣೆಲು (ಮಳೆಗಾಲದ ಭತ್ತದ ಬೆಳೆ) ಉಳುಮೆಗೆ ಟಿಲ್ಲರ್ ಎಷ್ಟು ಡೀಸೆಲ್ ಕುಡಿಯುತ್ತದೆ, ಅಳೆಯುವುದು ಹೇಗೆ ಎಂದು ಕಳೆದ ವಾರ ಕೇಳಿದ್ದೆ. ಟ್ಯಾಂಕಿಗೆ ಕಡ್ಡಿ ಅದ್ದಿ ನೋಡುವ ಉಪಾಯ ನಡೆಯಲಿಲ್ಲ, ಟ್ಯಾಂಕಿನ ಆಕಾರವೇ ಓರೆಕೋರೆ. ಫಲಿಸಿದ್ದು ಕಾರ್ಕಳದ ಅಣ್ಣ ಹೇಳಿದ ದಾರಿ: ಕಂಠಮಟ್ಟ ತುಂಬಿಸಿ, ಉತ್ತು ಬಂದು, ಅಳತೆ ಪಾತ್ರೆಯಿಂದ ಮತ್ತೆ ಅದೇ ಮಟ್ಟಕ್ಕೆ ತುಂಬಿಸುವುದು. ತುಂಬ ಉಪಕಾರವಾಯಿತು ಅಣ್ಣ.

ಮೊದಲ ದಿನ ಹುಣಿ (ಗದ್ದೆಯ ಬದು) ಪಕ್ಕ ಓರೆಯಲ್ಲಿ ನಿಲ್ಲಿಸಿ ಲೆಕ್ಕ ಕೆಟ್ಟಿತು. ಎರಡೂ ಸಲ ಅದೇ ಸಮತಟ್ಟು ಜಾಗ ಬೇಕು, ನೊರೆ ಇಳಿಯುವವರೆಗೆ ಕಾಯಲೂ ಬೇಕು.

ದೊಡ್ಡ ಗದ್ದೆಯ 30 ಸೆಂಟ್ಸು ಒಂದು ಸುತ್ತು ಉಳಲು 1.6 ಲೀಟರ್. ಲೀಟರ್ ಡೀಸೆಲಿನಲ್ಲಿ ಸುಮಾರು 10 ಯೂನಿಟ್ ಕರೆಂಟಿನಷ್ಟು ಶಕ್ತಿ, ಅಂದರೆ 16 ಯೂನಿಟ್! ಆದರೆ ಅಷ್ಟೇ ಜಾಗದ ತುಂಡು ಗದ್ದೆಗಳಿಗೆ 2 ಲೀಟರ್ ಹೋಯಿತು ಮಾರಾಯ್ರೆ, ಮೂಲೆಮೂಲೆಯಲ್ಲಿ ತಿರುಗಿಸುವುದಕ್ಕೇ.